ತಿಟ್ಟಿನ ಮೇಲೆ ಅವ್ವ ಕರೆದದ್ದು

ಹೊಳೆಗೆ ಹೋಗೋಣ ಅಂದವಳು ಅವ್ವ. ನಮಗೆಲ್ಲ ಅದೇ ಆಶ್ಚರ್ಯ. ನನ್ನ ತಮ್ಮ ಕಾವೇರಿಯಲ್ಲಿ ಮುಳುಗಿ ಹೋದ ಮೇಲೆ ಅವಳು ನೀರಿನ ಹತ್ತಿರ ಸುಳಿದವಳಲ್ಲ. ಅಕ್ಕೂರಿನಿಂದ ಚನ್ನಪಟ್ಟಣದ ನನ್ನ ಮನೆಗೆ ಬರುವಾಗ ಬಸ್ಸಿನ ಕಿಟಕಿಯಲ್ಲಿ ಕೆರೆ ಕಂಡರೆ ಸಾಕು, ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಅಂಥವಳು ಒಂದು ಬೆಳಿಗ್ಗೆ ಫೋನ್ ಮಾಡಿ, "ಗೂಡು ಮಾರಾಯ್ತು. ಚಾಕಿ ಬರಕ್ಕೆ ಇನ್ನೂ ಟೈಮೈತೆ. ಎಲ್ಲಾರೂ ಒಂದಿನ ಹೊಳೆತಾವ್ಕೆ ಹೋಗ್ಬರಾನ. ನಿನ್ ಕೂಸ್ನೂ ಕರ್ಕೊಂಡ್ ಬಾ" ಅಂದಳು.

ರೇಷ್ಮೆ ಸಾಕುವ ಮನೆಗೆ ಬಿಡುವು ಅಂದರೆ ಅಷ್ಟೇ. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಮೇಲೆ, ಮುಂದಿನ ಬೆಳೆಯ ಮರಿಹುಳಗಳು, ಅಂದರೆ ಚಾಕಿ, ಮನೆಗೆ ಬರುವ ಮೊದಲು, ಹುಳಮನೆಯನ್ನು ತೊಳೆದು ಒಣಗಲು ಬಿಟ್ಟ ದಿನಗಳು. ನನ್ನ ತಮ್ಮ ಗೆಳೆಯರ ಜೊತೆ ಅದೇ ಹೊಳೆಗೆ ಈಜಲು ಹೋದದ್ದೂ ಅಂಥದೇ ಬಿಡುವಿನಲ್ಲಿ. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವ್ವ ಸುಧಾರಿಸಿಕೊಂಡಳು ಅಂತ ಖುಷಿಪಟ್ಟೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು, ಭಯ ಇರುವ ಕಡೆಗೇ ಹೋಗಿ ಬಂದರೆ ಭಯ ಕಳೆಯುತ್ತದೆ ಎಂದು ಅಪ್ಪನಿಗೆ ಫೋನಿನಲ್ಲಿ ಉಪದೇಶವನ್ನೂ ಮಾಡಿದೆ. ಅಪ್ಪ ಹ್ಞೂಂ ಅಂದ, ಅಷ್ಟೇ.

ಕಾರು ನಾನೇ ಓಡಿಸಿದೆ. ಕನಕಪುರ ದಾಟುವವರೆಗೂ ಅಪ್ಪನ ಬಾಯಿ ಸುಮ್ಮನಿರಲಿಲ್ಲ. "ಒಸಿ ನಿಧಾನಕ್ ಓಡ್ಸವ್ವ, ನಾನಿನ್ನೂ ಮೊಮ್ಮಗಳ ಮದ್ವೆ ಊಟ ಉಣ್ಬೇಕು" ಎಂದು ನನ್ನನ್ನು ರೇಗಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಒಂದನೇ ಕ್ಲಾಸಿನ ನನ್ನ ಮಗಳು ಅಜ್ಜಿಗೆ ತಾನು ಕಲಿತ ಪದ್ಯಗಳನ್ನೆಲ್ಲ ಒಪ್ಪಿಸುತ್ತಿದ್ದಳು. ಅವ್ವ ತೊಡೆಯ ಮೇಲೆ ಬುತ್ತಿಯ ಗಂಟು ಇಟ್ಟುಕೊಂಡು ನಗುತ್ತಿದ್ದಳು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಚಟ್ನಿಗೆ ಖಾರ ಜಾಸ್ತಿ ಹಾಕಿದ್ದಳು. ಅಷ್ಟು ಖಾರ ತಿನ್ನುತ್ತಿದ್ದವನು ನಮ್ಮ ಮನೆಯಲ್ಲಿ ತಮ್ಮನೊಬ್ಬನೇ. ಮಗುವಿಗೆ ಹೇಗೆ ತಿನ್ನಿಸಲಿ ಅಂತ ನನಗೆ ಸಿಟ್ಟು ಬಂತೇ ಹೊರತು ಬೇರೇನೂ ಹೊಳೆಯಲಿಲ್ಲ.

ಬೇಸಿಗೆಯಲ್ಲಿ ಹೊಳೆ ಇಳಿದಾಗ ನಡುವೆ ಒಂದು ಮರಳ ತಿಟ್ಟು ಮೇಲೇಳುತ್ತದೆ. ಮಳೆಗಾಲದಲ್ಲಿ ಅದು ಇರುವುದಿಲ್ಲ. ಮುಂದಿನ ವರ್ಷ ಎದ್ದಾಗ ಅದೇ ತಿಟ್ಟೋ ಬೇರೆಯದೋ ಎಂದು ಹೇಳುವುದು ಕಷ್ಟ. ತೆಪ್ಪದಲ್ಲಿ ದಾಟಿ ಹೋದೆವು. ಅವ್ವ ತೆಪ್ಪದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು, ಆದರೆ ಮುಖ ಮುಚ್ಚಿಕೊಳ್ಳಲಿಲ್ಲ. ನೀರನ್ನೇ ನೋಡುತ್ತಿದ್ದಳು, ಸಂತೆಯಲ್ಲಿ ಗುರುತಿನವರನ್ನು ಹುಡುಕುವ ಹಾಗೆ.

ಮಧ್ಯಾಹ್ನವೆಲ್ಲ ಚೆನ್ನಾಗಿಯೇ ಕಳೆಯಿತು. ಮರಳು ಕಾಲು ಸುಡುತ್ತಿತ್ತು. ಅಪ್ಪ ಮೊಮ್ಮಗಳಿಗೆ ಮರಳಲ್ಲಿ ಬಾವಿ ತೋಡಿಕೊಟ್ಟ. ತೋಡಿದಷ್ಟೂ ನೀರು ಜಿನುಗುತ್ತಿತ್ತು, ಅವಳು ಕಿರುಚಿ ಕುಣಿಯುತ್ತಿದ್ದಳು. ನಾನು ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲವರೆಗೆ ನೀರಿಗಿಳಿದೆ. ಆದರೂ ಒಂದು ಮಾತು ಹೇಳಲೇಬೇಕು. ಆ ತಿಟ್ಟಿನ ಮೇಲೆ ಇದ್ದಷ್ಟು ಹೊತ್ತೂ ನಾವು ನಾಲ್ಕೇ ಜನ ಇದ್ದೇವೆ ಎಂದು ನನಗೆ ಅನ್ನಿಸಲಿಲ್ಲ. ಊಟಕ್ಕೆ ಎಲೆ ಹಾಕುವಾಗ ನನ್ನ ಕೈ ತಾನಾಗಿಯೇ ಒಂದು ಎಲೆ ಹೆಚ್ಚಿಗೆ ಹಾಕಿಬಿಟ್ಟಿತ್ತು. ತೆಗೆಯಲು ಹೋದೆ. ಅವ್ವ, "ಇರ್ಲಿ ಬುಡು" ಅಂದಳು.

ಬಿಸಿಲು ಇಳಿಯುವ ಹೊತ್ತಿಗೆ ತೆಪ್ಪದವನು ಕರೆಯಲು ಬಂದ. "ಮ್ಯಾಲಿಂದ ನೀರ್ ಬುಟ್ಟವ್ರೆ, ಏರ್ತಾ ಐತೆ, ಬಿರ್ರನೆ ಬನ್ನಿ" ಅಂದ. ಅಪ್ಪ ಪಾತ್ರೆ ಎತ್ತಿಕೊಂಡ. ಮಗಳು ಇನ್ನೂ ಬಾವಿಯ ಹತ್ತಿರವೇ ಇದ್ದಳು. ಅವ್ವ ಮಾತ್ರ ತಿಟ್ಟಿನ ತುದಿಗೆ, ಸೆಳವು ಇರುವ ಕಡೆಗೆ ನಡೆದಳು. ನೀರಿಗೆ ಬಿದ್ದುಬಿಡುತ್ತಾಳೆ ಎಂದು ಓಡಲು ಹೊರಟ ನನ್ನ ತೋಳನ್ನು ಅಪ್ಪ ಹಿಡಿದ.

"ಮಾತಾಡ್ಬ್ಯಾಡ" ಅಂದ ಪಿಸುಮಾತಿನಲ್ಲಿ. "ಅವ್ನ ಕರ್ಕೊಂಡ್ ಹೋಗಕ್ ಬಂದವ್ಳೆ."

ಆಗ ಅರ್ಥವಾಯಿತು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮನೆಯಿಂದಾಚೆ ಸತ್ತವರನ್ನು ಆ ಜಾಗಕ್ಕೇ ಹೋಗಿ, ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹಿಡಿದು ಕರೆದು, ತಿರುಗಿ ನೋಡದೆ, ಮಾತಾಡದೆ ಹೊಸಲಿನವರೆಗೆ ಕರೆತರಬೇಕು. ಕರೆಯುವಾಗ ಬೇರೆ ಯಾರೂ ಓಗೊಡಬಾರದು, ಓಗೊಟ್ಟವರ ಮೈಯೊಳಗೇ ಸತ್ತವರು ಬಂದುಬಿಡುತ್ತಾರೆ. ತಮ್ಮನ ದೇಹವನ್ನು ಗಂಡಸರು ಗಾಬರಿಯಲ್ಲಿ ತಂದು ಹೊಲದಲ್ಲಿ ಮಣ್ಣು ಮಾಡಿದ್ದರು. ಯಾರೂ ಕರೆದಿರಲಿಲ್ಲ. ಇಷ್ಟು ವರ್ಷ ಅವ್ವನ ಪಾಲಿಗೆ ಅವನು ಇಲ್ಲೇ ಇದ್ದ, ಒದ್ದೆ ಬಟ್ಟೆಯಲ್ಲಿ. ಹೇಳಿದರೆ ನಾನು ನಗುತ್ತೇನೆ ಎಂದು ಹೇಳದೆ ಕರೆತಂದಿದ್ದಳು.

"ಮಗಾ!" ಅವ್ವ ಕೂಗಿದಳು. "ಎದ್ ಬಾ ಮಗಾ. ಆಡಿದ್ ಸಾಕು. ಮನೆಗ್ ಹೋಗಾನ ಬಾ."

ನಮ್ಮ ಕಡೆ ಗಂಡಾಗಲಿ ಹೆಣ್ಣಾಗಲಿ, ಪ್ರೀತಿಯಿಂದ ಕರೆದರೆ ಮಗ. ತಮ್ಮನೂ ಮಗ, ನಾನೂ ಮಗ, ನನ್ನ ಮಗಳೂ ಮಗ. ನನ್ನ ಗಂಟಲಲ್ಲಿ 'ಬಂದೆ ಕಣವ್ವ' ಅನ್ನುವುದು ಬಂದು ನಿಂತಿತ್ತು. ಹಲ್ಲು ಕಚ್ಚಿ ತಡೆದೆ. ಆದರೆ ಬಾವಿಯ ಹತ್ತಿರದಿಂದ ನನ್ನ ಮಗಳು, "ಬಂದೆ ಅಜ್ಜೀ!" ಎಂದು ಕೂಗಿ, ಮರಳು ಕೊಡವಿಕೊಳ್ಳುತ್ತಾ ಓಡಿದಳು. ಹೋಗಿ ಅಜ್ಜಿಯ ಕೈ ಹಿಡಿದಳು.

ಅವ್ವ ಆ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ತಿರುಗಿದಳು. ಅಂಥ ಮುಖವನ್ನು ನಾನು ಅವನು ಸತ್ತ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಅಷ್ಟು ಸಂತೋಷವಿತ್ತು.

ದಾರಿಯುದ್ದಕ್ಕೂ ಅವಳು ತುಟಿ ಬಿಚ್ಚಲಿಲ್ಲ. ಮಗು ಹಿಂದೆ ತಿರುಗಿದರೆ ಗಲ್ಲ ಹಿಡಿದು ಮುಂದಕ್ಕೆ ತಿರುಗಿಸುತ್ತಿದ್ದಳು. ಅಕ್ಕೂರಿನ ಮನೆಯ ಹೊಸಲಲ್ಲಿ, "ಬಲಗಾಲಿಟ್ಟು ಒಳೀಕ್ ಬಾ ಮಗ" ಅಂದಳು. ನಾನು ರೇಗಿದೆ. ಮಗುವನ್ನು ಅವಳ ಕೈಯಿಂದ ಎಳೆದುಕೊಂಡೆ. ಏನೇನೋ ಅಂದೆ. ಅವ್ವ ಒಳಗೆ ಹೋಗಿ ಒಲೆ ಹಚ್ಚಿದಳು.

ತಮ್ಮ ಸತ್ತಾಗಿನಿಂದ ಅರೆಹೊಟ್ಟೆ ಉಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದವಳು ಆಮೇಲೆ ಹೊಟ್ಟೆ ತುಂಬ ಉಣ್ಣತೊಡಗಿದಳು. ಚಾಕಿ ಬಂದಾಗ ತಾನೇ ಸೊಪ್ಪು ಹೆಚ್ಚಿ ಹಾಕಿದಳು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಎಡೆ ಇಟ್ಟಳು, ತಮ್ಮನಿಗೆ ಮಾತ್ರ ಇಡಲಿಲ್ಲ. ಅವನ ಫೋಟೋ ಒರೆಸಿ ಬೀರುವಿನಲ್ಲಿಟ್ಟಿದ್ದಳು. ಅಪ್ಪ ಕೇಳಿದ್ದಕ್ಕೆ, "ಮನೇಲಿರೋರ್ಗೆ ಯಾರಾದ್ರೂ ಎಡೆ ಇಕ್ಕಾರಾ?" ಅಂದಳು. ಅಪ್ಪ ನನ್ನ ಮುಖ ನೋಡಿದ. ನಾನು ಪಾತ್ರೆ ತೊಳೆಯಲು ಎದ್ದು ಹೋದೆ.

ಇದೆಲ್ಲ ಸುಳ್ಳು ಎಂದು ನಾನು ಈಗಲೂ ಹೇಳಬಲ್ಲೆ. ಹೇಳಿದರೆ ಅವ್ವ ಮತ್ತೆ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಸುಮ್ಮನಿದ್ದರೆ ನನ್ನ ಮಗಳು ಅವಳ ಪಾಲಿಗೆ ನನ್ನ ಮಗಳಲ್ಲ. ಮಗು ಊಟಕ್ಕೆ ಕೂತಾಗ ಅವಳ ಕೈ ಆ ಖಾರದ ಚಟ್ನಿಗೆ ಹೋಗುತ್ತದೋ ಎಂದು ನೋಡುತ್ತೇನೆ. ಹೋಗದಿದ್ದರೆ ಉಸಿರು ಬಿಡುತ್ತೇನೆ. ವಿಜ್ಞಾನದ ಟೀಚರು! ನನಗೇ ನಾಚಿಕೆಯಾಗುತ್ತದೆ.

ಮೊನ್ನೆ ರಜೆಗೆಂದು ಅಕ್ಕೂರಿಗೆ ಹೋಗಿದ್ದೆವು. ಮಗಳ ತಲೆ ಬಾಚುತ್ತಿದ್ದೆ. ಹುಳಮನೆಯಿಂದ ಅವ್ವ, "ಮಗಾ, ಬಾ ಇಲ್ಲಿ" ಎಂದು ಕರೆದಳು. ಯಾವತ್ತೂ ಒಂದೇ ಕೂಗಿಗೆ ಓಡುವವಳು ಈ ಸಲ ಕದಲಲಿಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, "ಅಮ್ಮ, ಅಜ್ಜಿ ನನ್ನೇ ಅಲ್ವಾ ಕರೆದಿದ್ದು?" ಅಂದಳು.

"ಹೌದು, ನಿನ್ನನ್ನೇ" ಅಂದೆ.

"ಹಂಗಾರೆ ಹೋಗ್ಲಾ?"

ಹುಳಮನೆ ಅಂಗಳದ ಆಚೆಗೇ ಇದೆ, ಕೂತಲ್ಲಿಂದಲೇ ಅದರ ಬಾಗಿಲು ಕಾಣುತ್ತದೆ. ಬರೀ 'ಹೋಗು' ಅನ್ನಲು ನನಗೆ ಬಾಯಿ ಬರಲಿಲ್ಲ. ಅವಳ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡೇ, "ಹೋಗಿ ಬಾ" ಅಂದೆ.