ಖಾನಾಪುರದಲ್ಲಿ ನನ್ನ ಮಂಗಳಯಾನ

ನಿವೃತ್ತನಾದ ಭೌತಶಾಸ್ತ್ರದ ಉಪನ್ಯಾಸಕನಿಗೆ ಕೇಳುಗರು ಸಿಗುವುದು ಕಷ್ಟ. ಹಿಂದವಾಡಿಯ ನಮ್ಮ ಮನೆಯಲ್ಲಿ ನನಗೆ ಸಿಗುತ್ತಿದ್ದವಳು ಹೆಂಡತಿ ಒಬ್ಬಳೇ, ಅದೂ ರೊಟ್ಟಿ ಬಡಿಯುವಾಗ ಮಾತ್ರ. ಈಗಿರುವ ರಾಕೆಟ್ಟುಗಳಲ್ಲೇ ಏಳೆಂಟು ತಿಂಗಳಿಗೆ ಮಂಗಳ ಗ್ರಹ ಮುಟ್ಟಬಹುದು, ಅಷ್ಟು ದಿನ ಒಂಟಿಯಾಗಿರುವುದೇ ಕಷ್ಟ, ನನಗಾದರೆ ಅದು ನೀರು ಕುಡಿದಷ್ಟು ಸುಲಭ ಎಂದು ಒಂದು ದಿನ ಕೊಚ್ಚಿಕೊಂಡೆ.

"ಎಂಟ ತಿಂಗಳ ಬ್ಯಾಡ್ರಿ, ಎಂಟ ದಿನ ಒಬ್ಬರ ಇದ್ದ ತೋರಸ್ರಿ," ಎಂದಳು.

ಅವಳು ಮಾತಿಗೆ ಅಂದದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಖಾನಾಪುರದ ಹೊರಗೆ ಗೆಳೆಯನ ಹೊಲದ ಮನೆಯೊಂದು ಖಾಲಿ ಇತ್ತು. ನಿಜ ಹೇಳಬೇಕೆಂದರೆ ಹೊರಡಲು ಬೇರೆ ಕಾರಣವೂ ಇತ್ತು. ಅವಳ ಎದೆಯಲ್ಲಿ ಸಣ್ಣದೊಂದು ಗಂಟು ಸಿಕ್ಕಿತ್ತು. ಅದರ ಚೂರನ್ನು ಪರೀಕ್ಷೆಗೆ ಕಳಿಸಿ, ವರದಿ ಬರಲು ಹತ್ತು ದಿನ ಎಂದಿದ್ದರು. ಆ ಹತ್ತು ದಿನ ಅವಳೆದುರು ಕೂಡುವ ಧೈರ್ಯ ನನಗಿರಲಿಲ್ಲ. ವರದಿಯ ಹೊತ್ತಿಗೆ ಮರಳಿರುತ್ತೇನೆ ಎಂದೆ. ಅವಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ನಿಯಮಗಳನ್ನು ನಾನೇ ಮಾಡಿ ಅವಳಿಗೆ ಓದಿ ಹೇಳಿದ್ದೆ. ಮಂಗಳ ದೂರವಿದ್ದಾಗ ಸಂದೇಶ ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆದ್ದರಿಂದ ಫೋನಿನಲ್ಲಿ ಮಾತಿಲ್ಲ, ಬಂದ ಮೆಸೇಜನ್ನು ಇಪ್ಪತ್ತು ನಿಮಿಷ ಬಿಟ್ಟೇ ತೆರೆಯುವುದು. ಊಟಕ್ಕೂ ನಿಯಮವಿತ್ತು. ಬಾಹ್ಯಾಕಾಶದಲ್ಲಿ ಖಡಕ್ ರೊಟ್ಟಿ ಮುರಿದರೆ ಚೂರುಗಳು ತೇಲಿ ಯಂತ್ರದೊಳಗೆ ಸೇರುತ್ತವೆ. ಹಾಗಾಗಿ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ತಲೆ ತೂರಿಸಿಕೊಂಡು ತಿನ್ನತೊಡಗಿದೆ. ಮೂರನೇ ದಿನ ಪಕ್ಕದ ಹೊಲದ ಮುದುಕಿ ಕಿಟಕಿಯಿಂದ ಇದನ್ನು ಕಂಡು ಮೊದಲು ಮರಾಠಿಯಲ್ಲಿ ಏನೋ ಕೇಳಿದಳು. ಚೀಲದೊಳಗಿಂದ ಉತ್ತರ ಬಾರದಿದ್ದಾಗ ಕನ್ನಡಕ್ಕೆ ಹೊರಳಿದಳು.

"ಯಾರರ ಕಸಗೊಂಡ ತಿಂತಾರಂತ ಅಂಜೀರೇನ್ರಿ?"

ಮಂಗಳದಲ್ಲಿ ನೆರೆಯವರಿರುವುದಿಲ್ಲ. ಚೀಲದೊಳಗೇ ಇನ್ನೊಂದು ರೊಟ್ಟಿ ಮುರಿದೆ.

ಐದನೇ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಹೆಂಡತಿಯ ಫೋನು ಬಂತು. ಎತ್ತಲಿಲ್ಲ. ಮತ್ತೆ ಬಂತು. ನನ್ನನ್ನು ಸೋಲಿಸಲು ನೋಡುತ್ತಿದ್ದಾಳೆ ಎಂದು ಒಳಗೊಳಗೇ ನಕ್ಕೆ. ಆಮೇಲೆ ಮೆಸೇಜು ಬಂತು. ವೇಳೆ ಬರೆದಿಟ್ಟುಕೊಂಡು, ಚೀಲದೊಳಗೆ ಅರ್ಧ ರೊಟ್ಟಿ ಮುಗಿಸಿ, ಸರಿಯಾಗಿ ಇಪ್ಪತ್ತನೇ ನಿಮಿಷಕ್ಕೆ ತೆರೆದೆ.

"ರಿಪೋರ್ಟ್ ಲಗೂನ ಬಂದೈತಿ. ಕವರ್ ಕೈಯಾಗ ಐತಿ. ಒಬ್ಬಾಕೀನ ತಗ್ಯಾಕ ಅಂಜಿಕಿ ಬರ್ತೈತಿ. ಫೋನ್ ಎತ್ತರಿ."

ನಾಲ್ಕು ಸಲ ಫೋನು ಮಾಡಿದೆ. ಅವಳು ಎತ್ತಲಿಲ್ಲ. ಸಿಕ್ಕ ಬಸ್ಸು ಹತ್ತಿದೆ. ದೇಸೂರು ದಾಟಿದ ಮೇಲೆ ಬಾಜೂ ಕುಳಿತವರು ನನ್ನ ಗಡ್ಡದಲ್ಲಿದ್ದ ರೊಟ್ಟಿಯ ಚೂರು ತೋರಿಸಿದರು. ಕೋಟಿಗಟ್ಟಲೆ ಕಿಲೋಮೀಟರಿನ ಲೆಕ್ಕ ಬಾಯಿಪಾಠವಿದ್ದ ನನಗೆ ಖಾನಾಪುರ ಇಷ್ಟು ದೂರ ಎಂಬುದು ಗೊತ್ತಿರಲಿಲ್ಲ. ಟಿಳಕವಾಡಿಯಲ್ಲಿ ಇಳಿದು, ಆ ವಯಸ್ಸಿನಲ್ಲಿ, ಮನೆಯವರೆಗೆ ಓಡಿದೆ.

ಅವಳು ಪಡಸಾಲೆಯಲ್ಲಿ ಕುಳಿತಿದ್ದಳು. ಕವರು ಹರಿದಿತ್ತು.

"ಏನ ಬಂತು?" ಎಂದೆ.

ಅವಳು ಗೋಡೆಯ ಗಡಿಯಾರ ನೋಡಿದಳು. "ಕುಂದರ್ರಿ. ಇಪ್ಪತ್ತ ನಿಮಿಷ ಆಗಲಿ, ಹೇಳ್ತೀನಿ."

ಕುಳಿತೆ. ಕಾಗದ ಅವಳ ಮಡಿಲಲ್ಲೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಚಾಚಲು ನನಗೆ ಮುಖವಿರಲಿಲ್ಲ. ಮೂವತ್ತು ವರ್ಷದಿಂದ ನೋಡುತ್ತ ಬಂದ ಅವಳ ಮುಖದಲ್ಲಿ ಏನೂ ಓದಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ನಾಚಿಕೆಗೆಟ್ಟು ಅತ್ತುಬಿಟ್ಟೆ.

"ಏನೂ ಇಲ್ಲಂತ. ಸಾದಾ ಗಂಟಂತ," ಎಂದು ಅವಳು ಕಾಗದವನ್ನು ನನ್ನ ಕೈಗಿಟ್ಟಳು. ಆಮೇಲೆ ಮತ್ತೆ ಗಡಿಯಾರದ ಕಡೆ ನೋಡಿದಳು.

"ನಿಮಗ ಎಂಟ ನಿಮಿಷ ಆತ ನೋಡ್ರಿ. ನಾ ಕವರ್ ಹಿಡಕೊಂಡ ಹತ್ತೊಂಬತ್ತ ಕುಂತಿದ್ದೆ."