ಹನ್ನೆರಡು ಕೊರಳು, ಒಂದೇ ರಿಡಿಮ್

ಹಾಡು ಕೇಳುವಾಗ ಫುಂಡಿ ಎರಡೂ ಅಂಗೈಗಳನ್ನು ಸ್ಪೀಕರ್ ಪೆಟ್ಟಿಗೆಗೆ ಒತ್ತಿ, ಗಬ್ಬದ ಹಸುವಿನ ಹೊಟ್ಟೆ ಮುಟ್ಟಿ ನೋಡುವವರಂತೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ವರ್ಷಗಟ್ಟಲೆ ದೊಡ್ಡ ಸದ್ದಿನ ಪಕ್ಕ ನಿಂತು ಬಲಗಿವಿ ಹೋಗಿತ್ತು. ಪರದೇಶದ ಈ ಊರಲ್ಲಿ, ಸೌತ್ ಬಿ ಬಡಾವಣೆಯ ನಮ್ಮ ಹಿಂದಿನ ಬೀದಿಯಲ್ಲಿ ಅವರದು ಒಂದೇ ಕೋಣೆಯ ಸ್ಟುಡಿಯೊ. ಮಟಾಟು ಎಂಬ ಬಾಡಿಗೆ ವ್ಯಾನುಗಳ ಸ್ಪೀಕರ್ ರಿಪೇರಿಯಿಂದ ಶುರುಮಾಡಿದವರು. ಹಾಗಾಗಿ ಎಲ್ಲರಿಗೂ ಅವರು ಫುಂಡಿ, ಅಂದರೆ ಮೇಸ್ತ್ರಿ. ನನ್ನನ್ನು ಇಲ್ಲಿಯ ಪದ್ಧತಿಯಂತೆ ಮಗಳ ಹೆಸರು ಸೇರಿಸಿ ಮಾಮಾ ದಿಯಾ, ಅಂದರೆ ದಿಯಾಳ ಅಮ್ಮ, ಎನ್ನುತ್ತಿದ್ದರು.

ಕನ್ನಡ ಸಂಘದ ಆಂಪ್ಲಿಫೈಯರ್ ಕೆಟ್ಟಾಗ ಮೊದಲ ಸಲ ಅಲ್ಲಿಗೆ ಹೋದೆ. ಆಗ ನಾನು ಹಾಡು ಬಿಟ್ಟು ಎರಡು ವರ್ಷ. ಥೈರಾಯ್ಡ್ ಆಪರೇಷನ್ ಆದ ಮೇಲೆ ಸ್ವರ ಒಡೆದು, ತಗ್ಗಿ, ಗಂಡಸಿನ ದನಿಯಂತಾಗಿತ್ತು. ಪ್ರಾರ್ಥನೆಗೆ ಸಂಘದವರು ಬೇರೆಯವರನ್ನು ಕರೆಯತೊಡಗಿದ್ದರು.

ಫುಂಡಿ ಎಡಗಿವಿ ಹತ್ತಿರ ತಂದರು. "ಇನ್ನೊಂದ್ಸಲ ಹೇಳಿ."

"ಇದ್ರಲ್ಲಿ ಸದ್ದೇ ಬರ್ತಿಲ್ಲ ಅಂದೆ."

"ಅದಿರ್ಲಿ. ಈ ಥರದ ಕೊರಳು ನನ್ನ ಹತ್ರ ಇಲ್ಲ."

ಆಗ ಅವರೊಂದು ರಿಡಿಮ್ ಕಟ್ಟಿದ್ದರು. ಡ್ಯಾನ್ಸ್‌ಹಾಲ್ ಸಂಗೀತದಲ್ಲಿ ಡ್ರಮ್ಮು, ಬೇಸು ಸೇರಿದ ಮಟ್ಟು ಒಂದೇ. ಅದರ ಮೇಲೆ ಹಲವರು ತಂತಮ್ಮ ಹಾಡು ಹಾಡುತ್ತಾರೆ. ನನ್ನಜ್ಜಿಯ ಓರಗೆಯವರು ರಾಗಿ ಬೀಸುವಾಗಲೂ ಹೀಗೇ: ಮಟ್ಟು ಎಲ್ಲರದು, ನುಡಿ ಅವರವರದು. ಮಟಾಟು ಕಂಡಕ್ಟರು, ಚರ್ಚಿನ ಹಾಡುಗಾರ್ತಿ, ಮೀನು ಮಾರುವ ಹೆಂಗಸು, ಹೀಗೆ ಹನ್ನೊಂದು ಮಂದಿ ಹಾಡಿಯಾಗಿತ್ತು. ಹನ್ನೆರಡನೆಯವಳಾಗಿ ನನ್ನನ್ನು ಕರೆದರು.

"ನನ್ನ ಭಾಷೆ ಯಾರಿಗೂ ತಿಳಿಯಲ್ಲ" ಎಂದೆ.

"ಮೀನಿನಾಕೆ ಹಾಡಿರೋ ಲುವೊ ಭಾಷೆ ನನಗೂ ತಿಳಿಯಲ್ಲ. ರಿಡಿಮ್‌ಗೆ ತಿಳಿಯತ್ತೆ."

ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, "ಹೋಗಿ ಹಾಡೇ, ಕಳ್ಕೊಳ್ಳೋದೇನಿದೆ" ಎಂದರು. ಹೋದೆ. ನುಡಿಯನ್ನು ನಾನೇ ಕಟ್ಟಿದ್ದೆ. ಆದರೆ ಹಾಡಲು ನಿಂತರೆ ಹಳೆಯ ಎತ್ತರದ ಶ್ರುತಿಗೇ ಕೈ ಚಾಚುತ್ತಿದ್ದೆ. ಸ್ವರ ಸೀಳಿದಾಗಲೆಲ್ಲ ಫುಂಡಿ ಯಂತ್ರ ಆರಿಸುತ್ತಿದ್ದರು. "ಬಿಟ್ಟ ಮನೆ ಬಾಗಿಲು ಯಾಕೆ ತಟ್ತೀರಿ, ಮಾಮಾ ದಿಯಾ? ಈಗ ಇರೋ ಕಡೆಯಿಂದ ಹಾಡಿ." ಮೂರು ವಾರ ಇದೇ ಮಾತು. ನಾಲ್ಕನೆಯ ವಾರ ತಗ್ಗಿದ ಕೊರಳಲ್ಲೇ ಹಾಡಿದೆ. ಅವರು ಕೊನೆವರೆಗೂ ಯಂತ್ರ ಆರಿಸಲಿಲ್ಲ. ಚಹಾ ತರಿಸಿದರು.

ಒಂದು ಶನಿವಾರ ಮಧ್ಯಾಹ್ನ, ಬಡಾವಣೆಯ ಮೈದಾನದಲ್ಲಿ ಹನ್ನೆರಡೂ ಮಂದಿಯ ಹಾಡು. ಕೊನೆಯವಳು ನಾನು. ಸೀರೆ ಉಟ್ಟವಳನ್ನು ಕಂಡು ಮುಂದಿನ ಸಾಲಿನ ಹುಡುಗಿಯರು ನಕ್ಕರು. ಹಾಡಿದೆ:

"ಒಡೆದ ಕೊರಳೇ, ನೀನೂ ನನ್ನದೇ,
ಎತ್ತು, ಎತ್ತು, ದನಿ ಎತ್ತು."

ಒಂದು ನುಡಿ ಮುಗಿಯುತ್ತಲೇ ಫುಂಡಿ ಫಕ್ಕನೆ ರಿಡಿಮ್ ನಿಲ್ಲಿಸಿಬಿಟ್ಟರು. ಮತ್ತೆ ಸ್ವರ ಸೀಳಿತೆಂದುಕೊಂಡೆ. ಇಳಿದು ಹೊರಟವಳ ತೋಳನ್ನು ಮೀನಿನಾಕೆ ಹಿಡಿದಳು. "ಎಲ್ಲಿಗೆ ಹೊರಟೆ? ಇದು ಮರ್ಯಾದೆ. ಜನ ಕುಣಿದು ಇನ್ನೂ ಬೇಕು ಅಂದ್ರೆ ಮಾತ್ರ ನಿಲ್ಸಿ ಮೊದಲಿಂದ ಹಾಕ್ತಾರೆ. ನಮಗ್ಯಾರಿಗೂ ಸಿಗ್ಲಿಲ್ಲ."

ಆಗ ಕಿವಿಗೆ ಬಿತ್ತು: ಮೈದಾನವೆಲ್ಲ ಕಾಲು ಬಡಿಯುತ್ತ "ರುಡಿಯಾ, ರುಡಿಯಾ" ಎನ್ನುತ್ತಿತ್ತು, ಮತ್ತೊಮ್ಮೆ ಎಂದರ್ಥ. ನಕ್ಕ ಹುಡುಗಿಯರೇ ಎಲ್ಲರಿಗಿಂತ ಜೋರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ನನ್ನ ಮಗಳು ಅಪ್ಪನ ಹೆಗಲ ಮೇಲಿಂದ, "ಅಮ್ಮಾ, ಇನ್ನೊಂದ್ಸಲ" ಎಂದು ಕೂಗಿದಳು. ಮೂರು ಸಲ ಹಾಡಿದೆ. ಮೂರನೆಯ ಸಲ "ಎತ್ತು, ಎತ್ತು" ಎಂದದ್ದು ಮೈದಾನ. ನಾನು ಸುಮ್ಮನೆ ಮೈಕು ಹಿಡಿದು ನಿಂತಿದ್ದೆ.

ಕಳೆದ ವರ್ಷ ಫುಂಡಿ ತೀರಿಕೊಂಡರು. ಮಣ್ಣು ಮಾಡಿದ ಮೇಲೆ ಅವರ ಹೆಂಡತಿ, "ಅಳೋದನ್ನ ಮನೇಲಿ ಅಳಿ, ಇಲ್ಲಿ ಹಾಡಿ" ಎಂದರು. ಹನ್ನೆರಡೂ ಮಂದಿ ಹಾಡಿದೆವು. ಸಂಘದ ಪ್ರಾರ್ಥನೆ ಈಗ ಮತ್ತೆ ನನ್ನದೇ. ನಡುವೆ ಸ್ವರ ಸೀಳುತ್ತದೆ. ನಿಲ್ಲಿಸುವುದಿಲ್ಲ.