ತೊಂಬತ್ತೆಂಟರೊಳಗೆ ಒಂದು ಕಾರು

ಮಫ್ಲರ್ ಮಾವನಿಗೆ ಆ ಹೆಸರು ಬಂದದ್ದು ಎರಡು ಕಾರಣಕ್ಕೆ. ಕೊರಳಲ್ಲಿ ಬೇಸಿಗೆಯಲ್ಲೂ ಒಂದು ಉಣ್ಣೆಯ ಮಫ್ಲರ್. ಕೈಯಲ್ಲಿ ವರ್ಷವಿಡೀ ಯಾರದಾದರೂ ಕಾರಿನ ಮಫ್ಲರ್, ಅಂದರೆ ಸೈಲೆನ್ಸರ್. ಮೂವತ್ತೊಂದು ವರ್ಷದಿಂದ ಸೈಲೆನ್ಸರ್ ಬೆಸುಗೆಯೇ ಅವರ ಕಸುಬು. ಎಂಥ ಬಾಯಿಬಡುಕ ಗಾಡಿ ಬಂದರೂ ಸಂಜೆಯೊಳಗೆ ಬಾಯಿ ಮುಚ್ಚಿಸಿ ಕಳಿಸುತ್ತಿದ್ದರು. "ಆ ವಿದ್ಯೆ ಸ್ವಲ್ಪ ಮನೆಗೂ ತನ್ನಿ, ನಿಮ್ಮಕ್ಕ ಫೋನ್ ಮಾಡಿದಾಗ ಬೇಕಾಗುತ್ತೆ" ಎಂದು ಹೆಂಡತಿ ಹೇಳುವುದಿತ್ತು.

ಸದ್ದು ಅಳೆಯುವ ಯಂತ್ರ ಅವರ ಶೆಡ್ಡಿನಲ್ಲಿ ಇರಲೇ ಇಲ್ಲ. ಎಂಜಿನ್ ಚಾಲೂ ಮಾಡಿಸಿ, ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ ಕೇಳುವರು. ತಲೆ ಎಡಕ್ಕೆ ವಾಲಿದರೆ ಕೆಲಸ ಬಾಕಿ, ಬಲಕ್ಕೆ ವಾಲಿದರೆ ಮುಗಿಯಿತು. "ಡೆಸಿಬೆಲ್ಲು ನಿಮಗಿರಲಿ, ನನಗೆ ದೇಸಿ ಬಲ ಸಾಕು" ಎನ್ನುತ್ತಿದ್ದರು.

ಎರಡು ವರ್ಷದಿಂದ ಆ ಬಲ ಕುಂದುತ್ತಾ ಬಂದಿತ್ತು. ಗುಡುಗುವ ಸದ್ದು ಕೇಳುತ್ತಿತ್ತು. ಸಣ್ಣಗೆ ಸೀಳುವ ಸದ್ದು ಕೇಳುತ್ತಿರಲಿಲ್ಲ. ಕುಕ್ಕರ್ ಕೂಗಿ ಕೂಗಿ ತಳ ಹಿಡಿದ ಮೇಲೆ, ವಾಸನೆ ಬಂದು ಎದ್ದುಹೋಗಿ ಆರಿಸಿದ್ದುಂಟು. "ಏನೋ ಯೋಚನೇಲಿದ್ದೆ" ಎಂಬ ನೆಪ ಸದಾ ಸಿದ್ಧ. ಮನೆಯಲ್ಲೂ ಹೇಳಿರಲಿಲ್ಲ. ಕಿವಿ ಮಂದವಾದ ಸೈಲೆನ್ಸರ್ ಮೇಸ್ತ್ರಿ ಅಂದರೆ ನಾಲಗೆ ಸತ್ತ ಅಡುಗೆಯವನಂತೆ, ಯಾರು ಕರೆಯುತ್ತಾರೆ?

ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ಅವರು ಮಗಳ ಜೊತೆ ಊರಾಚೆಯ ರೇಸ್ ಟ್ರ್ಯಾಕಿನಲ್ಲಿದ್ದರು. ಮಗಳು ವಾರವಿಡೀ ಡ್ರೈವಿಂಗ್ ಸ್ಕೂಲಿನಲ್ಲಿ ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ಹೇಳಿಕೊಡುವವಳು. ಟ್ರ್ಯಾಕಿನಲ್ಲಿ ವೇಗದ ಚಾಲನೆ ಕಲಿಸುವ ಒಂದೇ ಒಂದು ಹುದ್ದೆ ಖಾಲಿಯಿತ್ತು. ಒಂಬತ್ತೂವರೆಗೆ ಮುಖ್ಯ ತರಬೇತುದಾರ ಅವಳ ಪಕ್ಕ ಕೂತು ಐದು ಸುತ್ತು ನೋಡಿ, ಅವತ್ತೇ ತೀರ್ಮಾನ ಹೇಳುವವನಿದ್ದ. ಕಾರು ಅವಳದೇ: ಗುಜರಿಯಿಂದ ಎತ್ತಿ ತಂದು, ಅಪ್ಪ-ಮಗಳು ಸೇರಿ ಮೂರು ವರ್ಷ ದುಡಿದು ಎಬ್ಬಿಸಿ ನಿಲ್ಲಿಸಿದ ಹಳದಿ ಬಣ್ಣದ ಎರಡು ಸೀಟಿನ ಸ್ಪೋರ್ಟ್ಸ್ ಕಾರು.

ಅಡ್ಡಗಾಲು ಹಾಕಿದ್ದು ಒಂದೇ ನಿಯಮ. ಸುತ್ತಮುತ್ತಲ ಮನೆಯವರ ದೂರಿನಿಂದಾಗಿ, ಸದ್ದು ತೊಂಬತ್ತೆಂಟು ಡೆಸಿಬೆಲ್ ದಾಟಿದ ಕಾರಿಗೆ ಟ್ರ್ಯಾಕಿಗೆ ಪ್ರವೇಶವಿಲ್ಲ. ಒಂದು ಕಾರಿಗೆ ಮೂರೇ ಸಲ ಪರೀಕ್ಷೆ. ಒಂಬತ್ತಕ್ಕೆ ಪರೀಕ್ಷೆ ಬಂದ್.

ಪರೀಕ್ಷೆ ಮಾಡುವಾಕೆಗೆ ಎಲ್ಲರೂ ಮೀಟರಮ್ಮ ಎನ್ನುತ್ತಿದ್ದರು. ಆಕೆ ಹೊಗೆಕೊಳವೆಯ ಬಾಯಿಂದ ಅರ್ಧ ಮೀಟರ್ ದೂರ, ಓರೆಯಾಗಿ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮೀಟರ್ ನಿಲ್ಲಿಸಿದಳು. ಮಗಳು ಎಂಜಿನ್ನನ್ನು ನಿಮಿಷಕ್ಕೆ ನಾಲ್ಕೂವರೆ ಸಾವಿರ ಸುತ್ತಿಗೆ ಏರಿಸಿ ಹಿಡಿದಳು.

"ನೂರಾ ಒಂದು."

"ಏನಮ್ಮಾ, ನಿಮ್ಮ ಮೀಟರು ಟ್ಯಾಕ್ಸಿ ಮೀಟರಿನ ಥರ ಓಡ್ತಿದೆಯಲ್ಲ!" ಎಂದು ಮಾವ ನಕ್ಕರು.

"ಹೋದ ತಿಂಗಳು ತಪಾಸಣೆ ಆಗಿ ಬಂದಿದೆ ಮಾವ. ಕಿವಿ ಮೋಸ ಮಾಡಬಹುದು, ಇದು ಮಾಡಲ್ಲ."

ಮಾವನ ನಗು ಅಲ್ಲಿಗೇ ನಿಂತಿತು. ಮೂರೇ ಹೆಚ್ಚು ಎಂದು ಕಾಣುತ್ತದೆ. ಆದರೆ ಡೆಸಿಬೆಲ್ ಲೆಕ್ಕದಲ್ಲಿ ಮೂರು ಏರಿತೆಂದರೆ ಸದ್ದಿನ ಶಕ್ತಿ ಇಮ್ಮಡಿ. ಮನೆಯಿಂದ ಮಾಡಿ ತಂದಿದ್ದ ತೂತುಗಳ ಕೊಳವೆಗೆ ಸದ್ದು ಹೀರುವ ಗ್ಲಾಸ್ ವೂಲ್ ಸುತ್ತಿ, ಸೈಲೆನ್ಸರ್ ಬಾಯೊಳಗೆ ತಳ್ಳಿ, ಬೋಲ್ಟ್ ಬಿಗಿದರು. ಎಂಟೂ ಇಪ್ಪತ್ತೈದು. ಎರಡನೇ ಪರೀಕ್ಷೆ. ಅವರ ಕಿವಿಗೆ ಕಾರು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ತಲೆ ತಾನಾಗಿ ಬಲಕ್ಕೆ ವಾಲಿತು.

"ತೊಂಬತ್ತೊಂಬತ್ತೂವರೆ" ಎಂದಳು ಮೀಟರಮ್ಮ. "ಇನ್ನೊಂದೇ ಸಲ ಉಳಿದಿರೋದು."

ಮಗಳು ಕಾರಿನಿಂದ ಇಳಿದಳು. "ಅಪ್ಪಾ, ಆ ಸುಯ್ ಅನ್ನೋದು ಎಲ್ಲಿಂದ ಬರ್ತಿದೆ?"

"ಎಲ್ಲಾ ಕಾರೂ ಹಾಗೆ ಅನ್ನುತ್ತೆ. ಇನ್ನಷ್ಟು ವೂಲ್ ತುರುಕ್ತೀನಿ ತಾಳು."

"ತುರುಕಿದರೆ ಎಂಜಿನ್ ಉಸಿರು ಕಟ್ಟುತ್ತೆ. ಮೊದಲನೇ ತಿರುವು ದಾಟಿದ ಮೇಲೆ ಕಾರು ಎಳೆಯಲ್ಲ, ಅವರ ಮುಂದೆ ನಾನು ಎತ್ತಿನಗಾಡಿ ಓಡಿಸಿದ ಹಾಗಾಗುತ್ತೆ. ಇದು ಬೇರೆ ಏನೋ. ಇಷ್ಟು ಜೋರಾಗಿ ಸೀಳ್ತಿದೆ, ಕಿವೀಲಿ ಏನಿಟ್ಕೊಂಡಿದೀಯ?"

ಮಾವ ಸ್ಪ್ಯಾನರನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಟ್ರ್ಯಾಕಿನ ಕಚೇರಿ ಗೋಡೆಯ ಗಡಿಯಾರದಲ್ಲಿ ಎಂಟೂ ಮೂವತ್ತೊಂದು. ನೆಪ ನಾಲಗೆಯ ತುದಿಗೆ ಬಂದು ಕೂತಿತ್ತು. ಅದನ್ನು ಹೇಳಿಬಿಟ್ಟರೆ ಮೂರನೇ ಪರೀಕ್ಷೆಯೂ ಹೋಗುತ್ತದೆ, ಅದರ ಹಿಂದೆಯೇ ಮಗಳ ಹುದ್ದೆಯೂ.

"ನನಗದು ಕೇಳ್ತಿಲ್ಲ."

"ಯಾವುದು?"

"ಆ ಸುಯ್. ಸಣ್ಣ ಸದ್ದು ಯಾವುದೂ ಕೇಳಲ್ಲ. ಎರಡು ವರ್ಷ ಆಯ್ತು."

ಮಗಳ ಮುಖ ಕೆಂಪಾಯಿತು. "ಎರಡು ವರ್ಷ! ಹಾಗಾದ್ರೆ ಹಳದಿ ಬಣ್ಣ ಹೊಡೀಲಾ ಅಂದಾಗ ಹೂಂ ಅಂದು, ಆಮೇಲೆ ಒಂದು ವಾರ ಮುಖ ಊದಿಸ್ಕೊಂಡಿದ್ದು?"

"ನೀನು ಏನು ಕೇಳಿದ್ರೂ ಹೂಂ ಅಂದ್ರೆ ಸಾಮಾನ್ಯವಾಗಿ ನಡೆದುಹೋಗ್ತಿತ್ತು."

ಅವಳಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ, ಎರಡಕ್ಕೂ ಹೊತ್ತಿರಲಿಲ್ಲ. ಜಾಕ್ ಎಳೆದು ತಂದಳು. "ಕೆಳಗೆ ಹೋಗು. ಒದ್ದೆ ಬಟ್ಟೆ ಹಿಡಿದು ಒಂದೊಂದೇ ಜೋಡಣೆ ಮುಚ್ಚುತ್ತಾ ಬಾ. ಸದ್ದು ನಿಂತ ಕಡೆ ನಿನ್ನ ಬೂಟಿಗೆ ತಟ್ತೀನಿ." ಆಮೇಲೆ ತಿರುಗಿ, "ಮೀಟರಮ್ಮಾ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡೀತೀರಾ?"

"ತೀರ್ಪು ಹೇಳೋಳು ಕಣಮ್ಮಾ ನಾನು, ಪಕ್ಷ ಹಿಡಿಯೋ ಹಾಗಿಲ್ಲ."

"ಪಕ್ಷ ಬೇಡ, ಪೆಡಲ್ ಹಿಡೀರಿ ಸಾಕು."

ಆಕೆ ಗೊಣಗುತ್ತಲೇ ಕೂತಳು. ಮಾವ ದಪ್ಪ ಕೈಗವಸು ತೊಟ್ಟು, ಸ್ಟ್ಯಾಂಡಿನ ಮೇಲೆ ಏರಿಸಿದ ಕಾರಿನ ಕೆಳಗೆ ಜಾರಿದರು. ಮೊದಲ ಜೋಡಣೆಯ ಮೇಲೆ ಬಟ್ಟೆ ಒತ್ತಿದರು, ಬೂಟು ಸುಮ್ಮನಿತ್ತು. ಎರಡನೆಯದು, ಸುಮ್ಮನೆ. ಸೈಲೆನ್ಸರ್ ಡಬ್ಬಿಯ ಹತ್ತಿರದ ಮೂರನೆಯದರ ಮೇಲೆ ಬಟ್ಟೆ ಕೂತದ್ದೇ ತಡ, ಬೂಟಿಗೆ ಪಟಪಟನೆ ನಾಲ್ಕು ಏಟು ಬಿತ್ತು.

ಎಂಜಿನ್ ನಿಲ್ಲಿಸಿ ಪುಟ್ಟ ಕನ್ನಡಿ ತೂರಿಸಿ ನೋಡಿದರು. ಕೊಳವೆಯ ಮೇಲ್ಭಾಗದಲ್ಲಿ, ಕಾರಿನ ತಳಕ್ಕೆ ಅಂಟಿಕೊಂಡ ಕಡೆ, ಎರಡು ಬೆರಳಗಲ ಉದ್ದದ, ಕೂದಲೆಳೆಯಷ್ಟು ಸಣ್ಣ ಬಿರುಕು. ಹೋದ ವಾರ ಅವರೇ ಬೆಸೆದದ್ದು. ಕೊಳವೆ ಬಿಚ್ಚದೆ, ಕೈ ಸಿಕ್ಕಷ್ಟು ಬೆಸೆದು, ಎಂದಿನಂತೆ ಕಣ್ಣು ಮುಚ್ಚಿ ಕೇಳಿ, ಸರಿಯಾಯಿತೆಂದು ಎದ್ದಿದ್ದರು.

ಎಂಟೂ ನಲವತ್ತನಾಲ್ಕು. ಅಲ್ಲಿ ಬೆಸುಗೆ ಯಂತ್ರವಿಲ್ಲ. ಮಗಳು ಖಾಲಿ ಆಯಿಲ್ ಡಬ್ಬಿಯಿಂದ ತಗಡಿನ ಪಟ್ಟಿ ಕತ್ತರಿಸಿ ಕೊಟ್ಟಳು. ಮಾವ ಬಿರುಕಿಗೆ ಬೆಂಕಿ ತಡೆಯುವ ಅಂಟು ಮೆತ್ತಿ, ತಗಡು ಸುತ್ತಿ, ಕೈಗವಸು ಕಳಚಿ ಎರಡು ಕ್ಲ್ಯಾಂಪ್ ಹಾಕಿದರು. ಒಂದು ಬಿಗಿಯಾಯಿತು. ಇನ್ನೊಂದರ ನಟ್ಟು ಬೆವರಿದ ಬೆರಳಿಂದ ಜಾರಿ ಜಲ್ಲಿಯೊಳಗೆ ಬಿತ್ತು. ಅದನ್ನು ತಡಕುವಾಗ ಬಿಸಿ ಕೊಳವೆ ಮಣಿಕಟ್ಟಿಗೆ ತಾಕಿ ಚರ್ಮ ಸುಟ್ಟಿತು; ಆದರೂ ನಟ್ಟು ಹುಡುಕಿ ಬಿಗಿದರು. ಅಂಟು ಗಟ್ಟಿಯಾಗಲೆಂದು ಎಂಜಿನ್ ಐದು ನಿಮಿಷ ಓಡಿಸಿದರು.

ಎಂಟೂ ಐವತ್ತೇಳಕ್ಕೆ ಮೂರನೇ ಪರೀಕ್ಷೆ. ಮಾವ ಈ ಸಲ ಕುಕ್ಕರಗಾಲಲ್ಲಿ ಕೂರಲಿಲ್ಲ; ಮೀಟರಮ್ಮನ ತುಟಿಯನ್ನೇ ನೋಡುತ್ತಾ ನಿಂತರು.

"ತೊಂಬತ್ತೇಳು ಪಾಯಿಂಟ್ ಎಂಟು."

ಮುಂದಿನ ಗಾಜಿಗೆ ಸ್ಟಿಕರ್ ಬಿತ್ತು. ಮುಖ್ಯ ತರಬೇತುದಾರ ಹೆಲ್ಮೆಟ್ ಹಾಕಿಕೊಂಡು ಬಂದು ಕೂತ. ಕಾರು ಹೊರಟಿತು. ಟ್ರ್ಯಾಕಿನ ಪಕ್ಕದಲ್ಲೂ ಒಂದು ಮೈಕು ಇದೆ, ಅಲ್ಲಿ ಸದ್ದು ಮೀರಿದರೆ ಕಪ್ಪು ಬಾವುಟ ತೋರಿಸಿ ವಾಪಸು ಕರೆಯುತ್ತಾರೆ ಎಂದು ಮೀಟರಮ್ಮ ಆಗ ಹೇಳಿದಳು. ಮಾವ ತಂತಿಬೇಲಿ ಹಿಡಿದುಕೊಂಡರು. ಕಾರು ಹಾದುಹೋದಾಗಲೆಲ್ಲಾ ಒಂದೇ ಪ್ರಶ್ನೆ: "ಸುಯ್ ಅಂತಿದೆಯಾ?"

"ಇಲ್ಲ ಮಾವ."

ಎರಡನೇ ಸುತ್ತು. "ಇಲ್ಲ." ಮೂರು. "ಇಲ್ಲ ಅಂದ್ನಲ್ಲ."

ನಾಲ್ಕನೇ ಸುತ್ತಿಗೆ ಆಕೆ ಬೇಲಿಯತ್ತ ಬಾಗಿ ಆಲಿಸಿದಳು. "ಸ್ವಲ್ಪ" ಎಂದಳು. ಬಾವುಟದವನು ಕೈ ಕೆಳಗಿಟ್ಟೇ ನಿಂತಿದ್ದ. ಐದನೇ ಸುತ್ತಿನಲ್ಲಿ ಮಾವ ಪ್ರಶ್ನೆ ಕೇಳಲಿಲ್ಲ, ಆ ಕೈಯನ್ನು ಮಾತ್ರ ನೋಡಿದರು. ಅದು ಮೇಲೇಳಲಿಲ್ಲ.

ಕಾರು ನಿಂತಿತು. ತರಬೇತುದಾರ ಇಳಿದು ಮಗಳಿಗೆ ಏನೋ ಹೇಳಿ ಕೈ ಕುಲುಕಿದ. ಅವಳು ಓಡಿಬಂದು, ಅಪ್ಪನ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಪದ ಬಿಡಿಸಿ ಹೇಳಿದಳು: "ಸೋಮವಾರದಿಂದ ಬಾ ಅಂದ್ರು."

ಮಾವ ಅವಳ ಭುಜ ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು, ನೆಟ್ಟಗೆ ಹೋಗಿ ಕಾರಿನಡಿ ಬಗ್ಗಿದರು. ತಗಡಿನ ಒಂದಂಚು ಎದ್ದು ಮಸಿ ಹಿಡಿದಿತ್ತು. ಇನ್ನೆರಡು ಸುತ್ತು ತಡೆಯುತ್ತಿರಲಿಲ್ಲ.

"ಇದನ್ನ ಪೂರ್ತಿ ಬಿಚ್ಚಿ ಬೆಸೀಬೇಕು. ನಾಳೆ ಶೆಡ್ಡಿಗೆ ಬಂದು ಕೂತ್ಕೋ, ನಾನು ಬೆಸೀತೀನಿ, ನೀನು ಕೇಳು."

"ನಾಳೆ ಭಾನುವಾರ ಅಪ್ಪಾ, ಮಲಗಬೇಕು."

"ಎಷ್ಟು ಗಂಟೆಗೆ ಬರ್ತೀಯ ಹೇಳು" ಎಂದರು ಮಾವ, ಅವಳ ತುಟಿ ನೋಡುತ್ತಾ.